ಕಟ್ಟುತ್ತಿದ್ದರೂ ಕರಗದ ಸಾಲ

ಭದ್ರಾವತಿಯ ಕಾರ್ಖಾನೆ ಮನೆಗಳಲ್ಲಿ ಬೆಳೆದ ನಮಗೆ ಸಾಲವೆಂದರೆ ಅಂಥ ಭಯವೇನೂ ಇರಲಿಲ್ಲ. ಮನೆಗೆ ಟೀವಿ ಬಂದದ್ದು ಸಾಲದಲ್ಲಿ, ಅಕ್ಕನ ಮದುವೆ ಆದದ್ದು ಸಾಲದಲ್ಲಿ, ನನ್ನ ಬಿ.ಕಾಂ. ಫೀಸು ಕಟ್ಟಿದ್ದೂ ಸಾಲದಲ್ಲೇ. ನೌಕರರ ಸೊಸೈಟಿಗೆ ಅರ್ಜಿ ಕೊಟ್ಟು, ಇಬ್ಬರ ಹತ್ತಿರ ಜಾಮೀನು ಹಾಕಿಸಿದರೆ ದುಡ್ಡು ಸಿಗುತ್ತಿತ್ತು. ಬಟವಾಡೆಯ ದಿನ ಸಂಬಳ ಕೈಗೆ ಬರುವ ಮೊದಲೇ ಕಂತು ಮುರಿದುಕೊಂಡಿರುತ್ತಿದ್ದರು. ಅಪ್ಪನ ಸಂಬಳದ ಚೀಟಿಯಲ್ಲಿ ಪಿ.ಎಫ್., ಎಲ್.ಐ.ಸಿ., ಸೊಸೈಟಿ ಎಂದು ಸಾಲಾಗಿ ಇರುತ್ತಿದ್ದ ಕಡಿತಗಳನ್ನು ನೋಡಿಯೇ ನಾನು ಕೂಡುವ ಕಳೆಯುವ ಲೆಕ್ಕ ರೂಢಿ ಮಾಡಿಕೊಂಡದ್ದು. ಸಾಲ ತಿಂಗಳು ತಿಂಗಳು ಒಂದಿಷ್ಟು ಇಳಿಯುತ್ತದೆ, ತಪ್ಪದೆ ಕಟ್ಟಿದರೆ ಒಂದು ದಿನ ತೀರಿಯೇ ತೀರುತ್ತದೆ: ಈ ಮಾತಿನ ಬಗ್ಗೆ ನಮ್ಮ ಕಡೆ ಯಾರಿಗೂ ಅನುಮಾನ ಇರಲಿಲ್ಲ.

ಊರಿಗೆ ಊರೇ ಹಾಗೆ ಬೆಳೆದದ್ದು. ಬೆಂಕಿಪುರ ಎನಿಸಿಕೊಂಡಿದ್ದ ಜಾಗದಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು, 1923ರಲ್ಲಿ ಕಬ್ಬಿಣ ಹೊರಬಂತು. ಅದೇ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿ.ಐ.ಎಸ್.ಎಲ್. ಆಯಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್, ನಮ್ಮ ಬಾಯಲ್ಲಿ ಎಂ.ಪಿ.ಎಂ. ಒಂದರ ಸುತ್ತ ನ್ಯೂಟೌನು, ಇನ್ನೊಂದರ ಸುತ್ತ ಪೇಪರ್ ಟೌನು. ಮನೆ, ನೀರು, ಆಸ್ಪತ್ರೆ, ಶಾಲೆ ಎಲ್ಲವೂ ಕಂಪನಿಯದೇ. ತಿಂಗಳಿಗೆ ಸರಿಯಾಗಿ ಬರುವ ಸಂಬಳದ ಮೇಲೆ ದಿನಸಿ ಅಂಗಡಿಯ ಪುಸ್ತಕ, ಹಾಲಿನವನ ಲೆಕ್ಕ, ಚೀಟಿಯ ಕಂತು ಎಲ್ಲವೂ ನಿಂತಿದ್ದವು. ಹೊತ್ತಿಗೆ ಸರಿಯಾಗಿ ಕಟ್ಟುವವನು ಮರ್ಯಾದಸ್ಥ. ಅಪ್ಪ ಆ ಪೈಕಿಯವರು.

2015ರ ಕೊನೆಯ ಹೊತ್ತಿಗೆ ಎಂ.ಪಿ.ಎಂ.ನಲ್ಲಿ ಉತ್ಪಾದನೆ ನಿಂತಿತು. ಒಂದೇ ದಿನಕ್ಕೆ ಬಾಗಿಲು ಹಾಕಿ ಎಲ್ಲರನ್ನೂ ಮನೆಗೆ ಕಳಿಸಿದ್ದರೆ ಬಹುಶಃ ಜನ ಬೇಗ ಬೇರೆ ದಾರಿ ನೋಡಿಕೊಳ್ಳುತ್ತಿದ್ದರೇನೋ. ಹಾಗಾಗಲಿಲ್ಲ. ಮೆಷಿನ್ ಓಡದ ಕಾರ್ಖಾನೆಗೆ ಅಪ್ಪ ಹಾಜರಿ ಹಾಕಲು ಹೋಗುತ್ತಿದ್ದರು. ಮುಂದಿನ ತಿಂಗಳು ಶುರುವಾಗುತ್ತದಂತೆ, ಸರ್ಕಾರ ದುಡ್ಡು ಕೊಡುತ್ತದಂತೆ, ಯಾರೋ ವಹಿಸಿಕೊಳ್ಳುತ್ತಾರಂತೆ ಎಂಬ ಸುದ್ದಿ ವಾರಕ್ಕೊಂದು ಹುಟ್ಟುತ್ತಿತ್ತು. ಸಂಬಳ ಮಾತ್ರ ತಡವಾಗಿ, ಬಿಡಿಬಿಡಿಯಾಗಿ, ಕೆಲವೊಮ್ಮೆ ಬರದೇ. ಆಸೆ ಬಿಡಲೂ ಆಗದ, ನೆಚ್ಚಲೂ ಆಗದ ಆ ಸ್ಥಿತಿಯಲ್ಲೇ ಮನೆಮನೆಯ ಸಾಲ ಬೆಳೆದದ್ದು.

ಆಗ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟ್ಯಾಕ್ಸ್ ಲೆಕ್ಕ ಬರೆಯುವ ಒಂದು ಆಫೀಸಿನಲ್ಲಿದ್ದೆ. ಸಂಬಳ 22,000. ಸಂಬಳದ ಖಾತೆಯ ಜೊತೆಯಲ್ಲೇ ಬ್ಯಾಂಕಿನವರು ಒಂದು ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರು, ಮಿತಿ 90,000. ಹೆಚ್ಚು ಕಡಿಮೆ ಎರಡು ವರ್ಷ ಅದು ಬೀರುವಿನಲ್ಲೇ ಇತ್ತು. ಹೊರಗೆ ಬಂದದ್ದು 2016ರ ನವೆಂಬರ್‌ನಲ್ಲಿ. 8ನೇ ತಾರೀಖು ರಾತ್ರಿ 500, 1000ದ ನೋಟು ನಡೆಯುವುದಿಲ್ಲ ಎಂದಾಯಿತು. ಮಾರನೇ ದಿನದಿಂದ ನೆಹರು ರಸ್ತೆಯ ಎ.ಟಿ.ಎಂ.ಗಳ ಮುಂದೆ ಕ್ಯೂ, ಗಾಂಧಿ ಬಜಾರಿನಲ್ಲಿ ಚಿಲ್ಲರೆಯ ಜಗಳ. ಸಂಬಳ ಸರಿಯಾಗಿ ಬರುತ್ತಿದ್ದವರೇ ಪರದಾಡಿದ ತಿಂಗಳದು. ಅಂಗಡಿಗಳಲ್ಲಿ ಸ್ವೈಪಿಂಗ್ ಮೆಷಿನ್ ಕಾಣಿಸಿಕೊಂಡವು. ದಿನಸಿ, ಔಷಧಿ, ಅಕ್ಕನ ಬಾಣಂತನದ ಖರ್ಚು ಎಲ್ಲಕ್ಕೂ ಕಾರ್ಡ್ ಉಜ್ಜಿದೆವು. ನಮ್ಮ ಮನೆಯಲ್ಲಿ ಆಗ ನಡೆಯುತ್ತಿದ್ದ ದುಡ್ಡು ಅದೊಂದೇ.

2017ರ ಜನವರಿಯಲ್ಲಿ ಅಪ್ಪನಿಗೆ ಎದೆನೋವು ಬಂತು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಬಿಲ್ಲಿಗೆ ಚಿಕ್ಕಪ್ಪ ಕೈಗಡ ಕೊಟ್ಟರು, ಅಮ್ಮನ ಸಂಘದಿಂದ ಒಂದಿಷ್ಟು ಬಂತು, ಉಳಿದದ್ದಕ್ಕೆ ಕಾರ್ಡು. ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಕಡಿವಾಣ ಹಾಕಿ, ಲಕ್ಷದ ಮೇಲೆ ಮಾರುತ್ತಿದ್ದ ಔಷಧಲೇಪಿತ ಸ್ಟೆಂಟನ್ನು 29,600 ರೂಪಾಯಿಗೆ ಇಳಿಸಿದ್ದು ಅದರ ಮುಂದಿನ ತಿಂಗಳು, ಫೆಬ್ರವರಿಯಲ್ಲಿ. ಆ ಸುದ್ದಿಯನ್ನು ಅಮ್ಮ ಪೇಪರಿನಲ್ಲಿ ಓದಿ, ಮಡಚಿ, ಏನೂ ಮಾತಾಡದೆ ಒಳಗಿಟ್ಟಿದ್ದು ನನಗೆ ಇವತ್ತಿಗೂ ನೋವು. ಒಂದು ತಿಂಗಳು ಹಿಂದೆ ಮುಂದೆ ಆಗಿದ್ದರೆ ನಮ್ಮ ಸಾಲದ ಕತೆಯೇ ಬೇರೆ.

ಆ ವರ್ಷದ ಮಳೆಗಾಲಕ್ಕೆ ಬಾಕಿ 80,000ದ ಹತ್ತಿರ ನಿಂತಿತ್ತು. ಸ್ಟೇಟ್‌ಮೆಂಟಿನಲ್ಲಿ ಎರಡು ಮೊತ್ತ ಇರುತ್ತವೆ: ಪೂರ್ತಿ ಬಾಕಿ, ಕನಿಷ್ಠ ಪಾವತಿ. 80,000ಕ್ಕೆ ಕನಿಷ್ಠ ಪಾವತಿ ಶೇ. 5, ಅಂದರೆ 4,000. ಅಷ್ಟು ಕಟ್ಟಿದರೆ ದಂಡವಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ಒಂದು ತಿಂಗಳು ಬಿಟ್ಟರೆ ನಾನು ಪ್ರತಿ ತಿಂಗಳೂ ಅಷ್ಟನ್ನು ಕಟ್ಟಿದೆ. ಅದಕ್ಕಿಂತ ಹೆಚ್ಚು ಕಟ್ಟುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಅಪ್ಪನ ಮಾತ್ರೆಗೇ ತಿಂಗಳಿಗೆ ಎರಡು ಸಾವಿರದ ಮೇಲೆ ಬೇಕಾಗುತ್ತಿತ್ತು.

ಆ ಕಾಗದವನ್ನು ಮೊದಲ ಬಾರಿಗೆ ಸರಿಯಾಗಿ ಓದಿದವರು ಅಪ್ಪ. ನನ್ನ ಕೆಲಸವೇ ಊರವರ ಲೆಕ್ಕ ನೋಡುವುದು. ಆದರೂ ನಮ್ಮ ಮನೆಯ ಈ ಲೆಕ್ಕ ಅವರ ಕಣ್ಣಿನಲ್ಲಿ ಕಂಡಷ್ಟು ಚೆನ್ನಾಗಿ ನನಗೆ ಕಂಡಿರಲಿಲ್ಲ. ಮಿಲ್ಲಿನಲ್ಲಿ ಅವರದು ಪೇಪರ್ ಮೆಷಿನ್ ಸೆಕ್ಷನ್. ಯಾವ ಕಾಗದ ಕೈಗೆ ಬಂದರೂ ಮೊದಲು ಎರಡು ಬೆರಳಿನ ನಡುವೆ ಉಜ್ಜಿ, ಬೆಳಕಿಗೆ ಹಿಡಿದು, ಆಮೇಲೆ ಓದುವುದು. ಅವತ್ತೂ ಹಾಗೇ ಮಾಡಿದರು. "ತೆಳು ಪೇಪರ್ರು, ನಮ್ದಲ್ಲ" ಅಂದರು. ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಕೆಳಗಿಳಿದರು. ಬಡ್ಡಿ ತಿಂಗಳಿಗೆ ಶೇ. 3.35ರ ಲೆಕ್ಕದಲ್ಲಿ 2,680 ರೂಪಾಯಿ. ಆ ಬಡ್ಡಿಯ ಮೇಲೆ ಜಿ.ಎಸ್.ಟಿ. ಶೇ. 18, ಅಂದರೆ 482 ರೂಪಾಯಿ. ಎರಡೂ ಸೇರಿ 3,162.

"ಕಟ್ಟಿದ್ದು ನಾಲ್ಕು ಸಾವಿರ. ಅಸಲಿಗೆ ಹೋಗಿದ್ದು ಎಂಟುನೂರ ಮೂವತ್ತೆಂಟು. ಅಷ್ಟೇನಾ ಪುಟ್ಟಿ?"

"ಅಷ್ಟೇ ಅಪ್ಪ."

"ಇದ್ರ ಮೇಲೆ ಈ ತಿಂಗಳು ಔಷಧಿ ಅಂಗಡೀಲಿ ಒಂಬೈನೂರು ಉಜ್ಜಿದೀಯ."

ಉಜ್ಜಿದ್ದೆ. ಅಂದರೆ ನಾಲ್ಕು ಸಾವಿರ ಕೊಟ್ಟೂ ಸಾಲ ಅರವತ್ತು ರೂಪಾಯಿ ಏರಿತ್ತು. ಹಿಂದಿನ ಬಾಕಿ ಪೂರ್ತಿ ತೀರಿಸದವರಿಗೆ ಹೊಸ ಖರೀದಿಗೂ ಆ 45-50 ದಿನದ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಆ ಒಂಬೈನೂರಕ್ಕೂ ಓಡುತ್ತಿತ್ತು. ಅಪ್ಪ ಪುಟ ತಿರುಗಿಸಿ ಕೊನೆಯ ಸಣ್ಣಕ್ಷರಗಳನ್ನು ಓದಿಸಿದರು. ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ತೀರುವಳಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ, ಚಕ್ರಬಡ್ಡಿ ಬೀಳುತ್ತದೆ ಎಂದು ಅಲ್ಲೇ ಅಚ್ಚಾಗಿತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಅಚ್ಚು ಹಾಕಲೇಬೇಕಾದ ಎಚ್ಚರಿಕೆ ಅದು. ನಾನು ಆ ರಾತ್ರಿ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಹೊಸದಾಗಿ ಒಂದು ರೂಪಾಯಿಯನ್ನೂ ಉಜ್ಜದೆ, ಅವರು ಕೇಳಿದ ಶೇ. 5ನ್ನಷ್ಟೇ ಕಟ್ಟುತ್ತಾ ಹೋದರೆ 80,000 ಇದ್ದದ್ದು 40,000ಕ್ಕೆ ಇಳಿಯಲು ಸುಮಾರು ಐದೂವರೆ ವರ್ಷ ಬೇಕಿತ್ತು.

ಅಪ್ಪನನ್ನು ನೋಯಿಸಿದ್ದು ಬಡ್ಡಿಯ ದರವಲ್ಲ ಎಂದು ನನಗೆ ಅನಿಸುತ್ತದೆ. ಹೆಚ್ಚು ಬಡ್ಡಿಯನ್ನು ಅವರು ಕಂಡಿದ್ದರು. ಭದ್ರಾವತಿಯಲ್ಲಿ ಮೀಟರ್ ಬಡ್ಡಿಯ ಸುದ್ದಿ ಕೇಳದವರಿಲ್ಲ. ಆದರೆ ಮೀಟರ್ ಬಡ್ಡಿಯವನು ಬಾಗಿಲಲ್ಲಿ ನಿಂತಾಗ ಆಪತ್ತು ಬಂದಿದೆ ಎಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ತಾರೀಖಿಗೆ ಮೊದಲೇ ಕಟ್ಟಿ, ರಸೀದಿ ಇಟ್ಟುಕೊಂಡು, ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದುಕೊಂಡಿರುವಾಗಲೇ ಮನೆ ಸೋರುತ್ತಿತ್ತು. ಹೊತ್ತಿಗೆ ಸರಿಯಾಗಿ ಕಟ್ಟುವ ಅವರ ಜೀವಮಾನದ ಅಭ್ಯಾಸದ ಮೇಲೇ ಈ ವ್ಯವಹಾರ ನಿಂತಿತ್ತು. ಕಾರ್ಡಿನ ಬಗ್ಗೆ ನನಗಿರುವ ಸಿಟ್ಟೂ ಅದೇ. ದುಂದು ಮಾಡಿದವರು ಅನುಭವಿಸಲಿ ಎನ್ನುವವರನ್ನು ಕಂಡಾಗಲೆಲ್ಲ ನಮ್ಮ ಆ ಸ್ಟೇಟ್‌ಮೆಂಟನ್ನು ತೋರಿಸಬೇಕು ಅನಿಸುತ್ತದೆ. ಅದರಲ್ಲಿ ಇದ್ದದ್ದು ದಿನಸಿ, ಔಷಧಿ, ಆಸ್ಪತ್ರೆ.

ನಡುವೆ ಒಂದು ತಿಂಗಳು ಕನಿಷ್ಠವನ್ನೂ ಕಟ್ಟಲಾಗಲಿಲ್ಲ. ಆಗ ಫೋನು ಶುರುವಾದವು. ಮೊದಲು ನನ್ನ ಮೊಬೈಲಿಗೆ, ಆಮೇಲೆ ಆಫೀಸಿನ ಲ್ಯಾಂಡ್‌ಲೈನಿಗೆ. ಎತ್ತಿದವರು ಯಾರೇ ಆಗಿರಲಿ, ಕಾರ್ಡಿನ ಬಾಕಿಯ ವಿಷಯ ಎಂದು ಹೇಳಿಯೇ ನನ್ನನ್ನು ಕರೆಯಲು ಕೇಳುತ್ತಿದ್ದರು. "ಮೇಡಂ, ಉಜ್ಜುವಾಗ ಗೊತ್ತಾಗ್ಲಿಲ್ವಾ?" ಎಂದು ನನ್ನ ತಮ್ಮನ ವಯಸ್ಸಿನ ಹುಡುಗನೊಬ್ಬ ಕೇಳಿದ. ಉತ್ತರ ಕೊಡಲಿಲ್ಲ. ಎದುರು ಟೇಬಲಿನ ಅಣ್ಣ ತಲೆಯೆತ್ತದೆ ಲೆಡ್ಜರ್ ಬರೆಯುತ್ತಿದ್ದರು. ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇದ್ದ ಅವರ ಆ ಸೌಜನ್ಯವನ್ನು ನಾನು ಮರೆಯುವುದಿಲ್ಲ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದು ತಮ್ಮ ವಿಷಯ ಹೇಳಿದರು. ಅವರದು ಮೂರು ಕಾರ್ಡು. ಕೊನೆಯ ದಿನ ಪೂರ್ತಿ ಬಾಕಿಯನ್ನು ತಾನೇ ಕಟ್ಟಿ, ಮಾರನೇ ದಿನ ಅಷ್ಟನ್ನೂ ತನ್ನ ಮೆಷಿನ್‌ನಲ್ಲಿ ಉಜ್ಜಿಕೊಂಡು, ನೂರಕ್ಕೆ ಮೂರರಂತೆ ಕಮಿಷನ್ ಹಿಡಿಯುವ ಒಬ್ಬನನ್ನು ಅವರು ಹಿಡಿದಿದ್ದರು. "ನಿಮ್ಗೂ ಹೇಳ್ಲಾ?" ಎಂದರು. ಬಸ್ಸಿನಲ್ಲಿ ಕೂತು ಯೋಚಿಸಿದರೆ ಅದೂ ಅದೇ ಲೆಕ್ಕ: ತಿಂಗಳಿಗೆ ಮೂರು ಬಡ್ಡಿಯ ಬದಲು ಮೂರು ಕಮಿಷನ್, ಅಸಲು ಇದ್ದಲ್ಲೇ. ಬೇಡ ಎಂದೆ.

ಬ್ಯಾಂಕಿನ ಪರವಾಗಿ ವಸೂಲಿಗೆ ಬಂದವರು ಇನ್ನೊಂದು ಮಾತು ಹೇಳಿದರು: ಒಟ್ಟಿಗೆ 45,000 ಕೊಟ್ಟರೆ ಸೆಟ್ಲ್‌ಮೆಂಟ್, ಉಳಿದದ್ದು ಮನ್ನಾ. ಅಮ್ಮನಿಗೆ ಇದು ದೇವರೇ ಕಳಿಸಿದಂತೆ ಕಂಡಿತು. ಆದರೆ ಹಾಗೆ ಮುಗಿಸಿದ ಸಾಲ ಸಿಬಿಲ್ ವರದಿಯಲ್ಲಿ ತೀರಿದ ಸಾಲ ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ತಮ್ಮ ಇನ್ನೂ ಓದುತ್ತಿದ್ದ, ಅವನಿಗೆ ವಿದ್ಯಾಸಾಲ ಬೇಕಾದರೆ ಜೊತೆಗೆ ಸಹಿ ಹಾಕಬೇಕಾದವಳು ನಾನೇ. ಅದಕ್ಕೇ ಒಪ್ಪಲಿಲ್ಲ. ಏನೂ ಇಲ್ಲದವರಿಗೆ ನಾನು ಹೀಗೆ ಹೇಳುವುದಿಲ್ಲ. ಮಾರಲು, ಅಡ ಇಡಲು ಏನೂ ಉಳಿದಿಲ್ಲದ ಮನೆಗೆ ಸೆಟ್ಲ್‌ಮೆಂಟ್ ಅವಮಾನವಲ್ಲ, ಒಂದು ದಾರಿ. ದುಡ್ಡು ಕೊಡುವ ಮೊದಲು ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಮೊತ್ತ, ತಾರೀಖು ಬರೆಸಿಕೊಂಡಿರಬೇಕು, ಅಷ್ಟೇ.

ನಮ್ಮ ಮನೆಯಲ್ಲಿ ಅಮ್ಮನ ಬಳೆ ಇತ್ತು. ಎರಡು ಬಳೆ, ಒಂದು ಎರಡೆಳೆ ಸರ, ಸೇರಿ 40 ಗ್ರಾಂ. ಅಪ್ಪ ಮಿಲ್ಲಿನ ಬೋನಸ್ಸಿನಲ್ಲಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೂಡಿಟ್ಟು ಮಾಡಿಸಿದ್ದು. ಅದನ್ನು ಅಡ ಇಡಲು ಅಪ್ಪ ಒಪ್ಪಲೇ ಇಲ್ಲ. ಕೊನೆಗೆ ಅಮ್ಮ ನನ್ನ ಲೆಕ್ಕದ ಹಾಳೆಯನ್ನು ತಾನೇ ತಂದು ಅವರ ಮುಂದಿಟ್ಟಳು. "ನೀವೇ ಓದಿ ತೋರಿಸಿದ್ರಲ್ಲ. ತಿಂಗಳಿಗೆ ಮೂರು ಸಾವಿರದ ಮೇಲೆ ಸುಮ್ನೆ ಹೋಗ್ತಿದೆ. ಬಳೆ ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಬೇಕು?"

ಗ್ರಾಮಿಗೆ 2,700ರ ಲೆಕ್ಕದಲ್ಲಿ ಒಡವೆಯ ಬೆಲೆ 1,08,000. ಆಗ ಬ್ಯಾಂಕುಗಳು ಬೆಲೆಯ ಶೇ. 75ರವರೆಗೆ ಕೊಡಬಹುದಿತ್ತು, ಅಂದರೆ 81,000. ನಾವು 80,000 ತೆಗೆದುಕೊಂಡೆವು. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು, ಮೊದಲ ತಿಂಗಳು 800 ರೂಪಾಯಿ. ಅವತ್ತೇ ಕಾರ್ಡಿನ ಬಾಕಿ ಪೂರ್ತಿ ಕಟ್ಟಿ, ಕಾರ್ಡ್ ರದ್ದು ಮಾಡಲು ಬರೆದುಕೊಟ್ಟು, ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆದೆ. ಆಮೇಲೂ ತಿಂಗಳಿಗೆ ಕಟ್ಟಿದ್ದು ಅದೇ 4,000. ಮನೆಯ ಖರ್ಚಿನಲ್ಲಿ ಒಂದು ರೂಪಾಯಿ ಬದಲಾಗಲಿಲ್ಲ. ಆದರೆ ಈಗ 800 ಬಡ್ಡಿಗೆ, 3,200 ಅಸಲಿಗೆ. ತಿಂಗಳ ಕೊನೆಯಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುವ ಕೆಲಸ ಅಪ್ಪನದು. ಇಳಿಯುತ್ತಿರುವ ಸಾಲವನ್ನು ನೋಡುವುದು ಅವರಿಗೆ ಮಾತ್ರೆಗಿಂತ ಹೆಚ್ಚು ಗುಣ ಕೊಟ್ಟಿತು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಎರಡು ವರ್ಷದೊಳಗೆ ಬಳೆ ಬಿಡಿಸಿಕೊಂಡೆವು.

2020ರ ಲಾಕ್‌ಡೌನ್ ಹೊತ್ತಿಗೆ ನಮ್ಮ ಬೀದಿಯಲ್ಲಿ ಕಾರ್ಡು ಇಲ್ಲದ ಮನೆ ಕಡಿಮೆ. ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕು ಮೂರು ತಿಂಗಳು ಕಂತು ಮುಂದೂಡಬಹುದು ಎಂದಿತು, ಮೇನಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಾರ್ಡಿನ ಬಾಕಿಗೂ ಅನ್ವಯ. ಬಡ್ಡಿಯೇ ಇಲ್ಲ ಎಂದು ಜನ ತಿಳಿದರು, ಟೀವಿಯವರೂ ಬಿಡಿಸಿ ಹೇಳಲಿಲ್ಲ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. 50,000 ಬಾಕಿ ಇದ್ದವನು ಆರು ತಿಂಗಳು ಏನೂ ಕಟ್ಟದಿದ್ದರೆ, ನಮ್ಮ ಹಳೆಯ ಕಾರ್ಡಿನ ದರದಲ್ಲಿ ಅದು 63,000 ಆಗುತ್ತದೆ. ಕೇಂದ್ರ ಸರ್ಕಾರ ಆ ವರ್ಷದ ಕೊನೆಗೆ ವಾಪಸು ಕೊಟ್ಟದ್ದು ಚಕ್ರಬಡ್ಡಿಗೂ ಸರಳ ಬಡ್ಡಿಗೂ ನಡುವಿನ ವ್ಯತ್ಯಾಸವನ್ನು ಮಾತ್ರ. ಕೈಯಲ್ಲಿ ನೂರು ರೂಪಾಯಿ ಇದ್ದರೂ ಮೊದಲು ಕಾರ್ಡಿಗೆ ಕಟ್ಟಿ, ಮನೆ ಸಾಲ ಬೇಕಾದರೆ ಮುಂದೂಡಿ ಎಂದು ನಾನು ಕಂಡಕಂಡವರಿಗೆ ಹೇಳಿದೆ. ಕೆಲವರು ಕೇಳಿದರು.

ನ್ಯಾಯಾಲಯದ ಕಡೆಯಿಂದಲೂ ನೆರವು ಉಳಿದಿಲ್ಲ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಖಾಸಗಿ ಲೇವಾದೇವಿಗೆ ಕರ್ನಾಟಕದಲ್ಲಿ 2004ರಿಂದಲೇ ವಿಪರೀತ ಬಡ್ಡಿ ನಿಷೇಧದ ಕಾಯ್ದೆ ಇದೆ. 2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆಯೂ ಬಂತು. ಬ್ಯಾಂಕಿನ ಕಾರ್ಡು ಇವೆರಡರ ಹೊರಗೆ. ಇದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸಂಬಳ ನಿಂತ ಮನೆಯಿಂದ ವರ್ಷಕ್ಕೆ ನೂರಕ್ಕೆ ನಲವತ್ತು ತೆಗೆಯುವುದಕ್ಕೆ ಯಾರ ಹೆಸರಿನ ಬೋರ್ಡು ಇದ್ದರೇನು?

2023ರ ಜನವರಿ 16ಕ್ಕೆ ಕಾರ್ಖಾನೆಯ ಒಡೆತನ ಹೊಂದಿದ್ದ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಆಡಳಿತ ಮಂಡಳಿ ವಿ.ಐ.ಎಸ್.ಎಲ್. ಮುಚ್ಚುವ ತೀರ್ಮಾನ ಮಾಡಿತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಪೇಪರ್ ಟೌನಿನಲ್ಲಿ ನಾವು ಕಂಡಿದ್ದನ್ನು ನ್ಯೂಟೌನು ಕಾಣಲು ಶುರುಮಾಡಿತು. ಆ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಅಲ್ಲಿಯವರೆಗಿನ ತಿಂಗಳುಗಳ ಸಾಲ ಹಾಗೇ ಉಳಿಯಿತು. ಅಪ್ಪನ ಸ್ನೇಹಿತರೊಬ್ಬರ ಮಗ, ಅಲ್ಲಿ ಗುತ್ತಿಗೆ ಕೆಲಸದವನು, ಒಂದು ಭಾನುವಾರ ಎರಡು ಕಾರ್ಡಿನ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದ. "ಅಕ್ಕಾ, ರಾತ್ರಿ ಒಂಬತ್ತಕ್ಕೆಲ್ಲ ಅಮ್ಮಂಗೆ ಫೋನ್ ಮಾಡ್ತಾರೆ" ಎಂದ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಮನೆಯವರಿಗೆ, ಸ್ನೇಹಿತರಿಗೆ ಕಿರುಕುಳ ಕೊಡುವಂತಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯನ್ನು ಅವನಿಗೆ ತೋರಿಸಿದೆ. ಕರೆ ಬಂದ ನಂಬರು, ಹೊತ್ತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅಪ್ಪ ಹೇಳಿದರು.

ಅವನ ಮನೆಯಲ್ಲಿ ಚಿನ್ನ ಇರಲಿಲ್ಲ. ಎರಡೂ ಬ್ಯಾಂಕಿಗೆ ಪತ್ರ ಬರೆದೆವು: ಕೆಲಸದ ದಿನ ಕಡಿಮೆಯಾಗಿದೆ, ಕಾರ್ಡಿನ ಬಳಕೆ ನಿಲ್ಲಿಸಿದ್ದೇನೆ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಕೊಡಿ. ಒಂದು ಬ್ಯಾಂಕು ಒಪ್ಪಿ 24 ಕಂತು ಮಾಡಿತು. ಬಿಲ್ಲಿನ ದಿನವನ್ನು ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶ ನಿಯಮದಲ್ಲೇ ಇದೆ. ಅವನಿಗೆ ಗುತ್ತಿಗೆದಾರ ದುಡ್ಡು ಕೊಡುವುದು 12ರ ಆಸುಪಾಸು. ಕಟ್ಟುವ ಕೊನೆಯ ದಿನ 15ರ ನಂತರ ಬರುವಂತೆ ಬದಲಿಸಿಕೊಂಡ. ಇನ್ನೊಂದು ಬ್ಯಾಂಕು ಉತ್ತರವನ್ನೇ ಕೊಡಲಿಲ್ಲ. 30 ದಿನ ಕಾದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿದೆವು, ನೋಟ್‌ಬುಕ್ಕಿನ ಪುಟಗಳ ಫೋಟೋ ಸಮೇತ. ಫೋನುಗಳು ನಿಂತವು. ತಡಪಾವತಿಯ ದಂಡವನ್ನು ವಾಪಸು ಹಾಕಿದರು, ಬಡ್ಡಿಯಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಬಾರ್ ಮಿಲ್ಲಿನ ಕೆಲಸ ಇದ್ದ ತಿಂಗಳು ಕನಿಷ್ಠಕ್ಕಿಂತ ಎರಡು ಸಾವಿರ ಹೆಚ್ಚಿಗೆ ಕಟ್ಟುತ್ತಾ ಅದನ್ನು ಅವನು ಈಗಲೂ ತೀರಿಸುತ್ತಿದ್ದಾನೆ.